ಆರನೆಯ ವಾರ

ನಿನ್ನ ಬೆಕ್ಕಿನ ಬೀಜ ತೆಗೆದಾಯಿತು,
ರಕ್ತ ಮರೆಯೋಕೆ ಇನ್ನೂ ಕೆಲವು ದಿನ ಬೇಕು
ಎಂದಿದ್ದ ವೈದ್ಯ ತೆಂಗಿಜ್.
ಬಾಚೊ ಬಾಲ ನಿಗುರಿಸಿ, ತುದಿ ನಡುಗಿಸಿ
ಬಾಗಿಲ ಚೌಕಟ್ಟಿಗೆ ಮತ್ತೆ ಸಹಿ ಹಾಕಿದ.

ನಾನುಲಿ ಬೈಯಲಿಲ್ಲ. ಬೈದರೆ ಜಾಸ್ತಿಯಂತೆ.
ವಿನೆಗರ್ ಬಟ್ಟೆ ಹಿಡಿದು ಮಂಡಿಯೂರಿದಳು.
ಟಿಬಿಲಿಸಿಯ ಆ ಹಳೆ ಅಂಗಳದ
ಕಿವಿಹರುಕ ಗಡವ ಇವನ ಕಣ್ಣಿಗೆ ಬೀಳದಿರಲೆಂದು
ಕೆಳಗಿನ ಗಾಜಿಗೆಲ್ಲ ಪತ್ರಿಕೆ ಅಂಟಿಸಿದಳು.

ನಾಲ್ಕು ದಿನ ಒಣಗಿತ್ತು ಮನೆ.

ಐದನೆಯ ದಿನ ಮಗಳ ಹೊಸ ಗಂಡ ಬಂದ.
ಝಾಲಿಕೊ ಸತ್ತಂದಿನಿಂದ ಖಾಲಿಯಿದ್ದ ಕುರ್ಚಿಯಲ್ಲೇ
ಕಾಲ ಮೇಲೆ ಕಾಲು ಹಾಕಿ ಕೂತ,
ಮನೆ ಮಾರಿದರೆ ಎಷ್ಟು ಬಂದೀತು ಅಂದ.
ಹೊರಡುವಾಗ ಬೂಟಿಗೆ ಕಾಲು ತೂರಿಸಿದವನು
ಹಾಗೇ ನಿಂತ.
ಒದ್ದೆ.

ಕ್ಷಮೆ ಕೇಳಿದಳು ನಾನುಲಿ, ಬಟ್ಟೆ ತಂದಳು.
ಅವನು ಮೆಟ್ಟಿಲಿಳಿದ ಮೇಲೆ
ಬಾಚೊನ ಬಟ್ಟಲಿಗೆ
ಮೀನಿನ ತಲೆ ಹಾಕಿದಳು,
ದೊಡ್ಡದು.