ದೊಮೊಕೋಸ್ ಘಟ್ಟದಲ್ಲಿ ದೀಪ ಆರಿಸಿ

ಜೇನಿನವರು ಹಗಲು ಹೊರಡುವುದಿಲ್ಲ.
ಹೂವಿಗೆ ಹೋದ ಕೊನೆಯ ನೊಣವೂ ಮನೆ ಸೇರಿದ ಮೇಲೆ
ಬಾಗಿಲಿಗೆ ಜಾಲರಿ ಬಡಿದು
ನೂರಾ ಹತ್ತು ಪೆಟ್ಟಿಗೆ ಲಾರಿಗೇರಿಸಿ
ಹಗ್ಗ ಬಿಗಿಯುವಷ್ಟರಲ್ಲಿ ಹನ್ನೊಂದು ಗಂಟೆ,
ನೂರಾ ಹನ್ನೊಂದನೆಯ ಗೂಡು
ನನ್ನ ಹೊಟ್ಟೆಯಲ್ಲಿ ಗುಂಯ್‌ಗುಡುತ್ತಿರುತ್ತದೆ.

ನಿಕಿತಿಯ ಪೈನ್ ಕಾಡಿನಿಂದಿಳಿದು
ದಕ್ಷಿಣದ ಥೈಮ್ ಗುಡ್ಡಗಳ ತನಕ ಒಂದೇ ರಾತ್ರಿ.
ಎಂಜಿನ್ ಆರಿಸುವಂತಿಲ್ಲ,
ನಡುಕ ನಿಂತರೆ ಊರು ಬಂತೆಂದುಕೊಳ್ಳುತ್ತವೆ.
ಜಾಲರಿ ಎಷ್ಟೇ ಬಿಗಿಯಿರಲಿ, ಸಂದಿ ಹುಡುಕುವುದೇ ಅವುಗಳ ಕಸುಬು.
ಬೆಳಕಿನಡಿ ನಿಲ್ಲುವಂತೆಯೂ ಇಲ್ಲ.
ರಸ್ತೆಯುದ್ದಕ್ಕೂ ಗಾಡಿಯಂಗಡಿಗಳು
ಟ್ಯೂಬ್‌ಲೈಟು ಹೊತ್ತಿಸಿ ಬಾ ಅನ್ನುತ್ತವೆ,
ಅದೇ ಟ್ಯೂಬ್‌ಲೈಟಿಗೆ ಹೆದರಿ ನಾವು ಮುಂದೆ ಹೋಗುತ್ತೇವೆ.

ಪರಾಸ್ಕೋಸನ ಬಳಿ ಮೇಣ ಮೆತ್ತಿದ ಒಂದು ನೋಟ್‌ಬುಕ್.
ಮುಂದಿನಿಂದ ಪೆಟ್ಟಿಗೆಗಳ ಲೆಕ್ಕ, ಹಿಂದಿನಿಂದ ನಾಲಗೆಯದು:
ಕತೆರೀನಿ ದಾಟಿ ಎಡಕ್ಕೆ. ಮಾಂಸ ಒಣಕಲು, ಸಾಸಿವೆ ಸುರಿದು ಮರೆಸುತ್ತಾನೆ.
ಲಾರಿಸಾ, ಹಳದಿ ವ್ಯಾನು. ಹಂದಿ ತೋರಿಸಿ ಆಲೂಗಡ್ಡೆ ತಿನ್ನಿಸುತ್ತಾನೆ.
ಫಾರ್ಸಲಾ. ಹೆಂಗಸು ಒಳ್ಳೆಯವಳು. ಈರುಳ್ಳಿ ನಿನ್ನೆಯದು.

ಯೀರೋಸ್ ಅಂದರೆ ತಿರುಗುವುದು, ಅಷ್ಟೆ.
ಸರಳಿಗೆ ಚುಚ್ಚಿಸಿಕೊಂಡು ಅದು ನಿಂತಲ್ಲೇ ತಿರುಗುತ್ತದೆ,
ಅದಕ್ಕಾಗಿ ನಾವು ಊರೂರು ತಿರುಗುತ್ತೇವೆ.
ತಿರುಗಿದ ಹೆಣ್ಣು ಕೆಡುತ್ತದೆ ಅನ್ನುತ್ತಿದ್ದಳು ಅತ್ತೆ;
ಲಾರಿಯಲ್ಲಿ ಅವಳ ಜಾಗದಲ್ಲಿ ಈಗ ನಾನು ಕೂರುತ್ತೇನೆ.

ದೊಮೊಕೋಸ್ ಘಟ್ಟದ ಮೂರನೇ ತಿರುವು,
ಝಾಫೀರಿಸನ ತಗಡಿನ ಗಾಡಿ.
ಪರಾಸ್ಕೋಸ್ ದೂರದಲ್ಲೇ ಲಾರಿ ನಿಲ್ಲಿಸಿ, ಎಂಜಿನ್ ಉರಿಯಲು ಬಿಟ್ಟು,
ಸಾಲ ಕೇಳುವವನ ಹಾಗೆ ನಡೆದು ಹೋದ:
ಜೇನು ತಂದಿದ್ದೇವೆ. ಎರಡು ಕಟ್ಟಿಕೊಟ್ಟರೆ ಅಲ್ಲೇ ಕತ್ತಲಲ್ಲಿ ತಿಂದು ಹೋಗುತ್ತೇವೆ.
ಝಾಫೀರಿಸ್ ಲಾರಿ ನೋಡಿದ.
ಕೈ ಚಾಚಿ ಒಂದೊಂದೇ ಸ್ವಿಚ್ಚು ಆರಿಸಿದ,
ಬೋರ್ಡು, ಟ್ಯೂಬು, ತಂಪು ಪಾನೀಯದ ಫ್ರಿಜ್ಜು,
ಮಲ್ಬರಿ ಮರಕ್ಕೆ ಸುತ್ತಿದ ಬಣ್ಣದ ಬಲ್ಬಿನ ಸರ.
ಕಟ್ಟಿದರೆ ರೊಟ್ಟಿ ಬೆವರುತ್ತೆ, ಅಂದ. ಇಲ್ಲೇ ತಿನ್ನಿ.

ಉಳಿದದ್ದು ಗ್ಯಾಸಿನ ಕೆಂಪೊಂದೇ.
ಕೆಂಪು ಜೇನಿನ ಕಣ್ಣಿಗೆ ಕಾಣುವುದಿಲ್ಲ.
ಅದರ ಮುಂದೆ ಮಾಂಸದ ಕಪ್ಪು ಗುಪ್ಪೆ, ಅವಸರವಿಲ್ಲ.
ಕತ್ತಿಯ ಸದ್ದಿನಲ್ಲೇ ಗೊತ್ತಾಯಿತು ತೆಳ್ಳಗೆ ಕೊಯ್ಯುತ್ತಾನೆಂದು.

ಕೈಗೆ ಬಂದದ್ದು ಬಿಸಿ ಕಾಗದ,
ಒಳಗೇನಿದೆಯೆಂದು ಹಲ್ಲೇ ಹೇಳಬೇಕು:
ಮೊದಲು ಕಪ್ಪಿಟ್ಟ ಅಂಚು, ಕರುಂ,
ಕೊಬ್ಬು, ಹೆಸರು ಹೇಳುವ ಮುನ್ನವೇ ಕರಗಿತು,
ಆಮೇಲೆ ಎಲ್ಲಿಂದಲೋ ಮೊಸರಿನ ತಣ್ಣನೆ, ಸೌತೆ, ಬೆಳ್ಳುಳ್ಳಿಯ ಚುರುಕು.
ಟೊಮೇಟೊ ಮೊಣಕೈವರೆಗೂ ಇಳಿಯಿತು, ಯಾರೂ ನೋಡಲಿಲ್ಲ.
ಪಕ್ಕದಲ್ಲಿ ಇನ್ನಿಬ್ಬರು ಚಾಲಕರಿದ್ದರಂತೆ.
ಉಪ್ಪು, ಅಂತ ಒಂದು ದನಿ ಕೇಳಿತು.
ನನ್ನ ಮೂಗಿನ ಮುಂದೆ ಒಂದು ಕೈ ಹಾದುಹೋಯಿತು.
ಹಿಂದೆ ಲಾರಿ, ಕುದಿಯುವ ಹಂಡೆಯ ಹಾಗೆ.

ಮರುವರ್ಷ ಒಂದು ಬಾಟಲಿ ತುಪ್ಪ ಕೊಟ್ಟೆವು, ಪೈನಿನದು, ಕಪ್ಪಗೆ.
ನನಗೆ ಸಿಹಿ ಆಗದು, ಅಂದ ಝಾಫೀರಿಸ್,
ಗಾಡಿಯ ಕಿಟಕಿ ಬೀಳದಂತೆ ಅದನ್ನೇ ಒತ್ತುಕೊಟ್ಟ.
ಆರು ವರ್ಷದಿಂದ ಅಲ್ಲೇ ಇದೆ.

ಒಮ್ಮೆ ಮಾತ್ರ ಹಗಲಲ್ಲಿ ನಿಂತದ್ದು,
ಕಾರಿನಲ್ಲಿ, ತಂಗಿಯ ಮಗುವಿಗೆ ಹೆಸರಿಡುವ ದಿನ.
ತುಕ್ಕು ತಿಂದ ನೀಲಿ ತಗಡು. ನೊಣ ಇದ್ದವು, ನಮ್ಮವಲ್ಲ.
ಆಲೂಗಡ್ಡೆ ಮೆತ್ತಗೆ. ರೊಟ್ಟಿ ಎಲ್ಲರ ರೊಟ್ಟಿಯಂತೆ.
ಝಾಫೀರಿಸನಿಗೆ ಇಷ್ಟು ವಯಸ್ಸೆಂದು ನನಗೆ ಗೊತ್ತಿರಲಿಲ್ಲ,
ಅವನಿಗೂ ನಮ್ಮ ಗುರುತು ಹತ್ತಲಿಲ್ಲ.
ನೋಟ್‌ಬುಕ್ ತೆಗೆಯುತ್ತಾನೇನೋ ಎಂದು ಕಾದೆ.
ಪರಾಸ್ಕೋಸ್ ಇಸ್ತ್ರಿಯಂಗಿಯ ತೋಳು ಮಡಚಿ,
ಕಣ್ಣು ಮುಚ್ಚಿ
ಕೈ ಚಾಚಿದ.
ಉಪ್ಪು, ಅಂದ.