ಶೇಷ

ಹದಿನಾಲ್ಕು ಟೇಬಲ್ಲು. ನನಗೆ ಬಂದದ್ದು ಒಂಬತ್ತನೆಯದು.
ತಂತಿಜಾಳಿಗೆಯ ಆಚೆ ಏಜೆಂಟರ ಮೂಗು, ಬೆರಳು,
ಸುಣ್ಣ ತಿಕ್ಕಿದ ತಂಬಾಕಿನ ಉಸಿರು.
ಅರಗಿನ ಸೀಲನ್ನು ಅವರಿಗೆ ತೋರಿಸಿ ಒಡೆದೆ,
ಗುಂಡಿ ಒತ್ತಿದೆ.
ಬೀಪ್. ಅಭ್ಯರ್ಥಿ ಒಂದು, ಇನ್ನೂರ ಹನ್ನೆರಡು.
ಬೀಪ್.
ಬೆಟಗೇರಿಯ ನೇಕಾರ ಓಣಿ ಹೀಗೆ, ಬೀಪಿಗೊಂದು ಅಂಕಿಯಾಗಿ,
ನನ್ನ ಕಣ್ಣ ಮುಂದೆ ಹಾಯ್ದು ಹೋಯಿತು.
ಯಾರು ಹಾಸು ಅರ್ಧಕ್ಕೇ ಬಿಟ್ಟು ಸರದಿಗೆ ನಿಂತರೋ,
ಯಾರು ಇವರ ಐನೂರು ಇಸಿದುಕೊಂಡು ಅವರಿಗೊತ್ತಿದರೋ,
ಯಾರ ಬೆರಳು ಒಂದು ಗಳಿಗೆ ತಡೆಯಿತೋ
ಯಂತ್ರ ಹೇಳುವುದಿಲ್ಲ.
ಅದಕ್ಕೆ ಬರುವುದು ಕೂಡಿಸುವ ಲೆಕ್ಕವೊಂದೇ.

ಹದಿನೇಳನೆಯ ಸುತ್ತಿಗೆ ಮುಗಿಯಿತು.
ಗೆದ್ದವರಿಗೆ ನೂರಕ್ಕೆ ಮೂವತ್ತನಾಲ್ಕು,
ಸೋತವರಲ್ಲಿ ಮೊದಲಿಗರಿಗೆ ಮೂವತ್ತಮೂರು,
ಆಮೇಲಿನವರಿಗೆ ಹತ್ತೊಂಬತ್ತು,
ಮಿಕ್ಕದ್ದು ಏಳು ಮಂದಿ ಹರಿದುಕೊಂಡ ರೊಟ್ಟಿ,
ಯಾರೂ ಬೇಡ ಅಂದವರು ನೂರಕ್ಕೊಬ್ಬರು.
ಹೊರಗೆ ಗುಲಾಲು, ಹಲಗೆ.
ಒಳಗೆ ಕೊರಳಪಟ್ಟಿ ಹಿಡಿದಿದ್ದ ಅಂದಾನಪ್ಪ, ಮೌಲಾಸಾಬ
ಗೇಟಿನ ಬಾಜೂಕೆ ಒಂದೇ ಪೇಪರಿನ ಮೇಲೆ ಮಿರ್ಚಿ ತಿನ್ನುತ್ತಿದ್ದರು.
ಎಣ್ಣೆ ಕುಡಿದ ಆ ಹಾಳೆಯಲ್ಲಿ ನಿನ್ನೆಯ ಭವಿಷ್ಯ,
ಬೇರೆ ಯಾರೋ ಗೆಲ್ಲುವುದಾಗಿ.

ಮರುವಾರ ಮರುಪರೀಕ್ಷೆಯ ಕ್ಲಾಸು.
ಒಂಬತ್ತು ಹುಡುಗರು, ಒಬ್ಬಳು ಫಕ್ಕೀರವ್ವ ಹಿತ್ತಲಮನಿ,
ಗಣಿತದಲ್ಲಿ ಮೂವತ್ತನಾಲ್ಕು ತೆಗೆದವಳು.
"ಟೀಚರ್ರೀ, ಅವರಿಗೂ ಮೂವತ್ನಾಕು, ನನಗೂ ಮೂವತ್ನಾಕು.
ಅವರ್ನ ಜೀಪಿನ ಮ್ಯಾಲೆ ನಿಂದ್ರಿಸಿ ಹಾರ ಹಾಕ್ಯಾರ.
ನನ್ನ ಕೈಯಾಗ ಅಪ್ಪ ಲಾಳಿ ಕೊಟ್ಟಾನ."

ಹುಡುಗರು ನಕ್ಕರು. ನಾನು ನಗಲಿಲ್ಲ, ಉತ್ತರ ಹುಡುಕುತ್ತಿದ್ದೆ.
ಅಲ್ಲಿ ಪಾಸಿನ ಗೆರೆ ಇಲ್ಲವ್ವಾ, ಅಂದೆ,
ಅದು ಗಾಡಾ ಶರ್ಯತ್ತು, ಬಾಜೂಕಿನ ಎತ್ತಿಗಿಂತ
ಮೂಗಿನಷ್ಟು ಮುಂದಿದ್ದರೆ ಸಾಕು.

ಅವಳೇ ಎದ್ದು ಬಂದು ಕಪ್ಪುಹಲಗೆಯ ಮೇಲೆ ಕಳೆದಳು.
ಅರವತ್ತಾರು.
"ಇವು ಎಲ್ಲಿಗೆ ಹೋದ್ವುರೀ?"
ಇಪ್ಪತ್ತೆರಡು ವರ್ಷದ ರೂಢಿ, ಬಾಯಿಂದ ತಾನೇ ಬಂತು: ಶೇಷ.
ಶೇಷ ಅಂತ ಬರೆದು ಬಿಟ್ಟುಬಿಡು.

ಬಿಡಲಿಲ್ಲ ಅವಳು.
ಕೆಲವು ದೇಶಗಳಲ್ಲಿ ಬಂದ ಮತದ ಪಾಲಿಗೆ ತಕ್ಕಷ್ಟು
ಕುರ್ಚಿ ಹಂಚುತ್ತಾರಂತೆ, ಅಂದೆ.
"ಅಲ್ಲಿ ಜಗಳ ಆಡೂದಿಲ್ಲೇನ್ರಿ?"
ಆಡತಾರ. ಕೂತು ಆಡತಾರ.

ಅಷ್ಟರಲ್ಲಿ ಗೆದ್ದವರು ಊರಲ್ಲಿರಲಿಲ್ಲ.
ಯಾವುದೋ ಸಮುದ್ರದ ದಂಡೆಯ ಹೋಟೆಲಿನಲ್ಲಿ
ಮೂವತ್ತು ಜನ, ಫೋನು ಬಂದು,
ತಂತಿಜಾಳಿಗೆ ಇಲ್ಲದೆಯೂ ಜಾಳಿಗೆಯ ಒಳಗೆ.
ಹದಿನೈದು ದಿನಕ್ಕೆ ಪಕ್ಷ ಅನ್ನುತ್ತದಲ್ಲ ಪಂಚಾಂಗ,
ಸರಿಯಾಗಿ ಒಂದು ಪಕ್ಷಕ್ಕೆ ಅವರು ಪಕ್ಷ ಬಿಟ್ಟರು.
ರಾಜೀನಾಮೆ. ಸರಕಾರ ಬಿತ್ತು, ಎದ್ದಿತು,
ಜೀಪಿನ ಮೇಲೆ ಅದೇ ಮನುಷ್ಯ, ಬೇರೆ ಬಣ್ಣದ ಗುಲಾಲು.
ನನ್ನ ಓಣಿ ಒತ್ತಿದ ಇನ್ನೂರ ಹನ್ನೆರಡು
ಈಗ ಯಾರ ಲೆಕ್ಕದಲ್ಲಿ ಕೂಡಬೇಕು?
ಆ ಗಣಿತ ನನ್ನ ಪುಸ್ತಕದಲ್ಲಿಲ್ಲ.

ಕ್ಲಾಸಿನ ಕೊನೆಯ ದಿನ ಭಾಗಾಕಾರ ಮಾಡುತ್ತ
ತಲೆ ಎತ್ತದೆ ಫಕ್ಕೀರವ್ವ ಅಂದಳು:
"ನಮ್ಮ ಆಯಿ ಅಂತಾಳ್ರೀ, ಈ ಭೂಮಿ ಹೊತ್ತಾವ ಶೇಷ ಅಂತ.
ಅಂವ ಹೆಡಿ ಬದಲಿಸಿದ್ರ ನೆಲ ನಡಗತೈತಂತ."
ಹೇಳಿ, ಮುಂದಿನ ಲೆಕ್ಕಕ್ಕೆ ಗೆರೆ ಹೊಡೆದಳು,
ಸ್ಕೇಲು ಇಲ್ಲದೆ, ಸ್ವಲ್ಪ ಸೊಟ್ಟ.

ನಿನ್ನೆ ಉಪಚುನಾವಣೆಯ ಡ್ಯೂಟಿ ಪತ್ರ ಬಂತು.
ಯಾವ ಟೇಬಲ್ಲೋ, ಅವತ್ತೇ ಗೊತ್ತಾಗುವುದು.
ಕತ್ತರಿ ಮಾತ್ರ ಮನೆಯಿಂದಲೇ ಒಯ್ಯಬೇಕು,
ಹೋದ ಸಲ ಕೊಟ್ಟದ್ದು
ದಾರ ಕತ್ತರಿಸಲಿಲ್ಲ, ಬರೀ ಜಗಿಯಿತು.