ಎರಡು ಮೀಟರ್ ಕಮ್ಮಿ

ಬನ್ನಿ ಮೇಡಂ, ಬಾಗಿಲು ಸ್ವಲ್ಪ ಎತ್ತಿ ತಳ್ಳಬೇಕು,
ಹಾಂ, ಹಾಗೆ.
ಇದೇ ಕ್ರೀಡಾ ಕೊಠಡಿ. ಗೋಡೆಯಾಚೆ ಬಿಸಿಯೂಟ,
ಅದಕ್ಕೇ ವಾಲಿಬಾಲಿಗೂ ಒಗ್ಗರಣೆಯ ವಾಸನೆ.

ದಾಸ್ತಾನು ಪುಸ್ತಕ ನೀವು ಓದಿ, ನಾನು ತೋರಿಸುತ್ತೇನೆ.
ಗುಂಡು, ಕಬ್ಬಿಣದ್ದು, ಮೂರು:
ಎರಡು ಇಲ್ಲಿವೆ. ಇನ್ನೊಂದು ಅಡುಗೆಯ ಗಂಗುಲಮ್ಮನ ಹತ್ತಿರ,
ಬೆಳ್ಳುಳ್ಳಿ ಜಜ್ಜುವುದಕ್ಕೆ.
ಜಿಲ್ಲಾ ಮಟ್ಟದ ವಾರ ತೊಳೆದು ವಾಪಸ್ಸು ಕೊಡುತ್ತಾಳೆ,
ಕೇಳಿದರೆ ಸಾಕು, ಜಗಳ ಬೇಡ.
ಜಾವೆಲಿನ್, ಬಿದಿರಿನದು, ಒಂದು: ಮೊನೆ ಇಲ್ಲ.
ಸ್ಕಿಪ್ಪಿಂಗ್ ಹಗ್ಗ ಎಂಟು:
ಒಂದು ವರ್ಷ ಬಿಲ್ ಬಂತು, ಹಗ್ಗ ಬರಲಿಲ್ಲ,
ಇನ್ನೊಂದು ವರ್ಷ ಹಗ್ಗ ಬಂತು, ಬಿಲ್ ಇಲ್ಲ.
ಎರಡಕ್ಕೂ ನಾನೇ ಗಂಟು ಹಾಕಿದ್ದೇನೆ.

ಮುಂದೆ? ಅಳತೆ ಟೇಪು, ಬಟ್ಟೆಯದು, ಮೂವತ್ತು ಮೀಟರ್.
ಇಲ್ಲಿ ಸ್ವಲ್ಪ ನಿಲ್ಲಿ.
ಇದು ಇಪ್ಪತ್ತೆಂಟು.
ಸೊನ್ನೆ ಇಲ್ಲ, ಒಂದೂ ಇಲ್ಲ, ಎರಡರಿಂದ ಶುರು.

ಗುಡಿಬಂಡೆಯ ಬೆಟ್ಟ ನೋಡಿದಿರಲ್ಲ, ಬಸ್ಸಿಳಿದ ತಕ್ಷಣ?
ಶಾಲೆಗೆ ಮೈದಾನವೆಂದರೆ ಧ್ವಜದ ಕಂಬದ ಸುತ್ತ ಇಷ್ಟೇ ಇಷ್ಟು,
ಅದಕ್ಕೆ ಬೆಳಿಗ್ಗೆ ಆರಕ್ಕೆ ಕೋಟೆ ಮೆಟ್ಟಿಲಲ್ಲಿ ಓಡಿಸುತ್ತಿದ್ದೆ.
ಅಲ್ಲಿ ಜಾರಿದ ಬಯ್ಯಾರೆಡ್ಡಿ,
ಮೊಣಕಾಲ ಕೆಳಗೆ ಸೀಮೆಸುಣ್ಣದ ಹಾಗೆ ಮುರಿದಿತ್ತು.
ಕೋಲು ಸಿಕ್ಕವು. ಕಟ್ಟುವುದಕ್ಕೆ ಚೀಲದಲ್ಲಿ ಇದೊಂದೇ ಇತ್ತು,
ಹಲ್ಲಿನಿಂದ ಕಚ್ಚಿ ಹರಿದೆ.
ಆಸ್ಪತ್ರೆಯವರು ಕತ್ತರಿಸಿ ಬುಟ್ಟಿಗೆ ಹಾಕಿದರು
ಸೊನ್ನೆಯನ್ನು, ಒಂದನ್ನು, ನಡುವಿನ ಅಷ್ಟೂ ಗೆರೆಗಳನ್ನು.
ಆಡಿಟ್ಟಿನವರು ಕೇಳಿದರು, ಎರಡು ಮೀಟರ್ ಎಲ್ಲಿ?
‘ಸವೆತ’ ಎಂದು ಬರೆದೆ. ಒಪ್ಪಿದರು.
ಹುಡುಗ ಈಗ ಚೇಳೂರಿನ ಕಡೆ ಲೈನ್‌ಮನ್,
ಕಂಬ ಹತ್ತುತ್ತಾನೆ.

ಆ ವಾರವೇ ಷಾಹಿದಾ ಹಾರಿದ್ದು.
ಒಂಬತ್ತನೇ ತರಗತಿ. ಹೊಸ ಕೊಠಡಿಗೆಂದು ಸುರಿದ ಮರಳೇ ನಮ್ಮ ಹೊಂಡ.
ಹುಡುಗಿಯರು ಕಾಂಪೌಂಡಿನ ಮೇಲೆ ಕೂತು
ಎಗುರೇ, ಎಗುರೇ ಎಂದು ಕೂಗುತ್ತಿದ್ದರು,
ತೆಲುಗೋ ಕನ್ನಡವೋ,
ನಮ್ಮ ಕಡೆ ಆ ಮಾತಿಗೆ ಗಡಿಕಲ್ಲಿಲ್ಲ.
ಬರಿಗಾಲು. ಹಲಗೆ ಮೆಟ್ಟಿದ ಸದ್ದು ಬಂತು,
ಆಮೇಲೆ ತುಂಬ ಹೊತ್ತು ಏನೂ ಬರಲಿಲ್ಲ,
ಆಮೇಲೆ ಮರಳು.

ಟೇಪಿನ ಆ ತುದಿ ಅವಳೇ ಓದಿದಳು:
ಆರು ಅರವತ್ತು, ಸಾರ್!

ಕಳೆಯಬೇಕಿತ್ತು. ಬಾಯಿ ತೆರೆದೆ ಕೂಡ.
ಆರು ಅರವತ್ತು ಅಂದರೇನೆಂದು ನಿಮಗೆ ಗೊತ್ತು,
ಅವಳಿಗೂ ಗೊತ್ತಿತ್ತು, ಗಣಿತದ ನೋಟಿನ ಕೊನೆಯ ಹಾಳೆಯಲ್ಲಿ
ದೇಶದೇಶದ ಜಿಗಿತ ಬರೆದಿಟ್ಟುಕೊಂಡವಳು.
ಆದರೆ ಅವತ್ತು ಶನಿವಾರ.
ಸೀಟಿ ಊದಿ ಮನೆಗೆ ಕಳಿಸಿದೆ.

ಭಾನುವಾರ ಪಾರ್ಕಿನಲ್ಲಿ, ಪಟ್ಟಣ ಪಂಚಾಯಿತಿ ಆಗಷ್ಟೇ ಹಾಕಿಸಿದ
ಓಪನ್ ಜಿಮ್ಮಿನಲ್ಲಿ ಅವಳ ತಾಯಿ ಸಿಕ್ಕರು.
ವಾರವೆಲ್ಲ ರೀಲಿಂಗ್ ಘಟಕದಲ್ಲಿ ನಿಂತ ಕಾಲು,
ಬುರ್ಖಾ ತುಸು ಎತ್ತಿ ಹಿಡಿದು
ಗಾಳಿಯಲ್ಲಿ ನಡೆಸುವ ಆ ಯಂತ್ರದ ಮೇಲೆ ಹೋಗುತ್ತ ಬರುತ್ತ
ಕೇಳಿದರು: ಆರು ಅರವತ್ತಂತೆ ಸಾರ್, ಜಾಸ್ತಿನಾ?
ಜಾಸ್ತೀನೇ ತಾಯಿ, ಅಂದೆ.

ಸೋಮವಾರ ಹೇಳಿದೆ.
ಟೇಪಿನ ಹರಿದ ಅಂಚನ್ನು ಹೆಬ್ಬೆರಳಿನಿಂದ ಸವರಿ ನೋಡಿದಳು,
ಮಾತಾಡಲಿಲ್ಲ. ಮಧ್ಯಾಹ್ನ ಊಟಕ್ಕೂ ಬರಲಿಲ್ಲ.
ನಾಲ್ಕು ಅರವತ್ತು ಜಿಲ್ಲೆಗೆ ಸಾಕಾಯಿತು,
ವಿಭಾಗಕ್ಕೆ ಸಾಲಲಿಲ್ಲ.
ಎರಡು ದಿನ ಮೊದಲೇ ಹೇಳಿದ್ದರೆ ಏನಾಗುತ್ತಿತ್ತು
ಎಂದು ಇವತ್ತಿಗೂ ಲೆಕ್ಕ ಹಾಕುತ್ತೇನೆ,
ಶುರುವೇ ಇಲ್ಲದ ಟೇಪಿನಲ್ಲಿ.

ಹೊಸದಕ್ಕೆ ಅರ್ಜಿ ಹಾಕಿದ್ದೇನೆ, ನಾಲ್ಕು ಸಲ.
ಪ್ರತಿಗಳು ಈ ಫೈಲಿನಲ್ಲಿವೆ.
ಸಹಿ ಇಲ್ಲಿ ಹಾಕಿ. ಇಲ್ಲಿ ಕೂಡ.

ಸೀಟಿಯೇ? ಅದು ಪಟ್ಟಿಯಲ್ಲಿಲ್ಲ,
ನನ್ನ ಸ್ವಂತದ್ದು, ಒಬ್ಬರ ಬಾಯಿಯದು ಇನ್ನೊಬ್ಬರಿಗಾಗದು.
ನಿಮ್ಮದು ತಂದಿದ್ದೀರಲ್ಲ?
ಊದಿ, ನೋಡೋಣ. ಜೋರಾಗಿ.
ಬೆಟ್ಟದಿಂದ ತಿರುಗಿ ಬರುವಷ್ಟು.